ನಡೆದರೆ ನೆನಪಾಗುತ್ತದಂತೆ

ಹೋದ ವರ್ಷ ನಾನು ನಾಗಮಂಗಲದಲ್ಲಿ ಹೆಂಡತಿಯನ್ನು ಮರೆತು ಬಂದೆ. ಕೊಡೆ ಮರೆಯುವವರಿದ್ದಾರೆ, ಕನ್ನಡಕ ಮರೆಯುವವರಿದ್ದಾರೆ. ನಾನು ಅವರಿಗಿಂತ ಒಂದು ಕೈ ಮೇಲು. ಜಯಮ್ಮ ಬಳೆ ಅಂಗಡಿಗೆ ಹೋದಳು. ನಾನು ನಲ್ಲಿಗೆ ವಾಷರ್ ಕೊಂಡೆ, ಸ್ಕೂಟರ್ ಹತ್ತಿದೆ, ನಮ್ಮೂರು ಹೊಣಕೆರೆ ತಲುಪಿದೆ. ಅವಳು ಹಿಂದೆ ಕೂತಿದ್ದಾಳೆಂದೇ ನಂಬಿ ದಾರಿಯುದ್ದಕ್ಕೂ ತೆಂಗಿನ ನುಸಿಯ ಬಗ್ಗೆ ಮಾತಾಡಿದ್ದೆ. ಅವಳು ಎದುರುತ್ತರ ಕೊಡದ್ದು ಕಂಡು ಒಳಗೊಳಗೇ ಖುಷಿಯೂ ಆಗಿತ್ತು.

ಮಧ್ಯಾಹ್ನದ ಬಸ್ಸಿನಲ್ಲಿ ಬಂದಿಳಿದ ಜಯಮ್ಮ ಬೈಯಲಿಲ್ಲ. ಅದಕ್ಕೇ ಭಯವಾಯಿತು. ಚೀಲ ಕೆಳಗಿಟ್ಟು, “ನಿಮ್ಮಪ್ಪಂಗೂ ಇಂಗೇ ಶುರುವಾಗಿದ್ದು,” ಅಂದಳು.

ನಿಜ. ಅಪ್ಪ ಕೊನೆಯ ವರ್ಷ ನನ್ನನ್ನೇ ನೋಡಿ, “ತಾವು ಯಾವೂರ್ನೋರು?” ಎಂದು ಕೇಳುತ್ತಿದ್ದರು. ಬಹಳ ಮರ್ಯಾದೆಯಿಂದ ಕೇಳುತ್ತಿದ್ದರು; ನೋವಾಗುತ್ತಿದ್ದುದು ಆ ಮರ್ಯಾದೆಗೇ.

ಡಾಕ್ಟರು ಪರೀಕ್ಷೆ ಮಾಡಿ, ಸದ್ಯಕ್ಕೆ ಹೆದರುವಂಥದ್ದೇನಿಲ್ಲ ಅಂದರು. “ದಿನಾ ಬೆವರು ಬರೋ ಹಾಗೆ ನಡೀರಿ ಮೇಷ್ಟ್ರೇ. ಕಾಲು ಆಡಿದ್ರೆ ನೆನಪಿಗೂ ಒಳ್ಳೇದು.” ಮೂವತ್ತು ವರ್ಷ ಮಕ್ಕಳನ್ನು ಅಲ್ಲಾಡದಂತೆ ಕೂರಿಸಿ ಮಗ್ಗಿ ಬಾಯಿಪಾಠ ಮಾಡಿಸಿ, ತೂಗಾಡುತ್ತ ಒಪ್ಪಿಸಿದವರಿಗೆ ಬೆತ್ತ ತೋರಿಸಿದವನು ನಾನು. ಈ ತಿಳಿವಳಿಕೆ ಬರುವಷ್ಟರಲ್ಲಿ ರಿಟೈರಾಗಿದ್ದೆ.

ಮರುದಿನದಿಂದಲೇ ಕೆರೆ ಏರಿ ಹತ್ತಿದೆ. ಮೊದಲ ವಾರ ಮಂಡಿ ಬೇಡವೆಂದಿತು, ನಾನು ಕೇಳಲಿಲ್ಲ. ಮಳೆ ಹನಿದರೂ ಬಿಡಲಿಲ್ಲ. ಜಯಮ್ಮ ಪಕ್ಕದಲ್ಲೇ ನಡೆಯುತ್ತ ಪರೀಕ್ಷೆ ಮಾಡುತ್ತಿದ್ದಳು.

“ನೆನ್ನೆ ಏನ್ ಸಾರು?”

“ಸೊಪ್ಪು... ಅಲ್ಲ, ಹುರುಳಿಕಾಳು.”

“ಬಿರ್‌ಬಿರ್‌ನೆ ನಡೀರಿ!”

ಆರು ತಿಂಗಳಾಯಿತು. ನಡೆದದ್ದರಿಂದಲೋ ಅವಳಿಗೆ ಹೆದರಿಯೋ, ಸಾರು ತಪ್ಪುವುದು ನಿಂತಿದೆ. ಹೆಸರುಗಳು ಮಾತ್ರ ಇನ್ನೂ ಸತಾಯಿಸುತ್ತವೆ. ಮೊದಲೆಲ್ಲ ಹಳೇ ಶಿಷ್ಯರು ಎದುರಾದರೆ “ಚೆನ್ನಾಗಿದ್ದೀಯೇನಪ್ಪಾ” ಎಂದು ನಕ್ಕು ಜಾರಿಕೊಳ್ಳುತ್ತಿದ್ದೆ. ಇನ್ನು ಜಾರಿಕೊಳ್ಳಬಾರದೆಂದು ಗಟ್ಟಿ ಮನಸ್ಸು ಮಾಡಿದ್ದೇನೆ.

ಮೊನ್ನೆ ಏರಿಯ ಮೇಲೆ ಟ್ರಾಕ್ಟರು ನಿಲ್ಲಿಸಿ ಒಬ್ಬ ಇಳಿದ. “ನಮಸ್ಕಾರ ಸಾ. ನಾನ್ಯಾರು ಗೊತ್ತಾಯ್ತಾ?”

“ಮುಖ ಗೊತ್ತು, ಹೆಸರು ಮರೆತೆ ಕಣಪ್ಪಾ. ನಾಕು ಹೆಜ್ಜೆ ಜೊತೇಲಿ ಬಾ, ಬರ್ತದೆ.”

ಪಾಪ, ಟ್ರಾಕ್ಟರು ಅಲ್ಲೇ ಬಿಟ್ಟು ಬಂದ. ತೂಬು ದಾಟುವಾಗ ನನಗೆ ಥಟ್ಟನೆ ಹೊಳೆಯಿತು. “ಶಿವಲಿಂಗ!”

“ಅದು ನಮ್ಮಣ್ಣ ಸಾ.”

ಜಯಮ್ಮ ಸೆರಗು ಬಾಯಿಗಿಟ್ಟುಕೊಂಡಳು. ನಾನು ನಿಲ್ಲಲಿಲ್ಲ.

“ನಿಮ್ಮನೆ ಸಿಕ್ತಲ್ಲ,” ಅಂದೆ. “ಇನ್ನೊಂಚೂರು ದೂರ ನಡಿ.”