ಜೀಪಿನ ಅಚ್ಚಿಗೆ ಮಗ್ಗದ ದಾರ

ನನ್ನ ತಮ್ಮನೇ ನನ್ನ ಅಳಿಯ. ಮಗಳನ್ನು ಅವನಿಗೇ ಕೊಟ್ಟಿದ್ದೇನೆ. ಹಾಗಾಗಿ ಅವನನ್ನು ಬಯ್ಯಲು ನನಗೆ ಎರಡೆರಡು ಹಕ್ಕು. ದೇವನೂರಿನ ನಮ್ಮ ಮನೆ ಮುಂದೆ ಹಳೇ ಜೀಪೊಂದನ್ನು ಬಿಚ್ಚಿ, ಎತ್ತರಿಸಿ, ದೊಡ್ಡ ಟೈರು ಹಾಕಿದ. ಭಾನುವಾರ ನರಸೀಪುರದ ಹತ್ತಿರ ಕೆಸರಿನಲ್ಲಿ ಜೀಪು ಓಡಿಸುವ ಪಂದ್ಯ. ಓಡಿಸುವವಳು ಮಗಳು. ಹೆಸರು ಕೊಟ್ಟಾಗಿತ್ತು.

ಶುಕ್ರವಾರ ಜೀಪು ಎಡಕ್ಕೆ ಎಳೆದು ಅವಳನ್ನು ನಾಲೆಯ ಅಂಚಿಗೆ ತಂದು ನಿಲ್ಲಿಸಿತು. ತಮ್ಮ ಹೆದರಿ, ಪಂದ್ಯವೇ ಬೇಡ ಅಂದ. ಮಗಳು ಮುದ್ದೆ ಮುಟ್ಟಲಿಲ್ಲ.

ಮಾರನೇ ಬೆಳಿಗ್ಗೆ ನಾನು ಸಗಣಿ ಸಾರಿಸಿದ ಅಂಗಳದ ಮೇಲೇ ತಮ್ಮ ಜೀಪು ಹತ್ತಿಸಿದ. ಬಯ್ಯಲು ಹೋದವಳು ಚಕ್ರದ ಗುರುತು ನೋಡಿದೆ. ನೆಟ್ಟಗೆ ಹೋಗುವ ಗಾಡಿಯ ಹಿಂದಿನ ಚಕ್ರ ಮುಂದಿನದರ ಗುರುತನ್ನೇ ತುಳಿಯುತ್ತದೆ. ಇದರದು ನಾಲ್ಕು ಬೆರಳು ಪಕ್ಕಕ್ಕೆ ಸರಿದಿತ್ತು.

"ಲೇ, ಏಡಿ ನಡ್ದಂಗೆ ನಡೀತದಲ್ಲೋ! ಹಿಂದ್ಗಡೆ ಚಕ್ರದ ಅಚ್ಚು ಸೊಟ್ಟ ಕೂತದೆ."

"ಅಳ್ದಿವ್ನಿ ಕಣಕ್ಕ. ಮಡ್‌ಗಾರ್ಡಿಂದ ಚಕ್ರಕ್ಕೆ ಎರಡ್ ಕಡೀಕೂ ಒಂದೇ ಅಳತೆ."

"ಮಡ್‌ಗಾರ್ಡ್ ಕೂರಿಸ್ದಾಗ ಏನ್ ನೋಡ್ಕಂಡು ಕೂರಿಸ್ದೆ?"

ಅವನು ತಲೆ ಕೆರೆದುಕೊಂಡ. "ಚಕ್ರ ನೋಡ್ಕಂಡು."

ಮಗಳು ಬಾಗಿಲಲ್ಲೇ ನಕ್ಕಳು. "ಸರ್ಯಾಗಿ ಕೇಳ್ದೆ ಕಣವ್ವ!"

ನಾನು ಓದಿದ್ದು ಎರಡನೇ ಕ್ಲಾಸು. ಆದರೆ ಬದನವಾಳಿನಲ್ಲಿ ಖಾದಿ ನೇಯ್ದವಳು. ಮಗ್ಗ ಕೂರಿಸುವಾಗ ಮೂಲೆಯಿಂದ ಎದುರು ಮೂಲೆಗೆ ದಾರ ಎಳೆಯುತ್ತಿದ್ದೆವು. ಎರಡೂ ದಾರ ಒಂದೇ ಉದ್ದ ಬರಬೇಕು, ಇಲ್ಲದಿದ್ದರೆ ಬಟ್ಟೆ ಸೊಟ್ಟ. ಜೀಪಿಗೂ ಹಾಗೇ ಮಾಡಿಸಿದೆ. ಚಕ್ರ ನೋಡಿ ತಾನೂ ಸೊಟ್ಟ ಕೂತಿದ್ದ ಮಡ್‌ಗಾರ್ಡಿನ ಸಹವಾಸ ಬಿಟ್ಟು, ಚಾಸಿಯ ಚೌಕಟ್ಟಿನ ಮುಂದಿನ ಎರಡು ಮೂಲೆಗಳಿಂದ ಹಿಂದಿನ ಅಚ್ಚಿನ ಎದುರು ತುದಿಗಳಿಗೆ ದಾರ. ಬಲತುದಿಯ ದಾರ ಎರಡು ಬೆರಳು ಹೆಚ್ಚಿಗೆ ಬಂತು.

ತಮ್ಮ ಜೀಪಿನಡಿ ತೂರಿದ. ಎತ್ತರಕ್ಕೆಂದು ಸ್ಪ್ರಿಂಗ್ ಪ್ಲೇಟಿನ ಕೆಳಗೆ ಇಟ್ಟಿದ್ದ ಕಬ್ಬಿಣದ ತುಂಡಿನ ಮೊಳೆ ಅಚ್ಚಿನ ಮೇಲಿನ ತೂತಿಗೆ ಇಳಿದೇ ಇರಲಿಲ್ಲ. ಬಲಗಡೆಯ ಅಚ್ಚು ಹಿಂದಕ್ಕೆ ಜಾರಿತ್ತು. ಬೋಲ್ಟು ಸಡಿಲಿಸಿ, ಜಾಕ್ ಕೊಟ್ಟು, ಮೊಳೆಯನ್ನು ತೂತಿಗೆ ಕೂರಿಸಿ ಬಿಗಿಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಮತ್ತೆ ದಾರ ಹಿಡಿದೆವು. ಸಮ.

"ಈಗ ನಾನೇ ಓಡಿಸ್ಲೇನೋ ಅನ್ನಿಸ್ತದೆ ಕಣಕ್ಕ" ಅಂದ.

"ಅನ್ನಿಸ್ಲಿ ಬುಡು" ಅಂದು ಮಗಳು ಕೀ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಭಾನುವಾರ ಅವಳು ಕೆಸರಿನಲ್ಲಿ ನೆಟ್ಟಗೆ ಹೋಗಿ ನೆಟ್ಟಗೆ ಬಂದಳು. ಮೂರನೇ ಸ್ಥಾನ. ಮೊದಲಿಬ್ಬರ ಜೀಪುಗಳೂ ನೆಟ್ಟಗೇ ಇದ್ದವು, ಏನು ಮಾಡುವುದು.