ಕರಿ ಉಡುಪಿನ ದೊರೆಸಾನಿ

ಉದ್ದನೆಯ ಬಿಳಿ ಕೊರಳು, ಅದರ ಮೇಲೆ ಒಂದು ಕರಿಮಣಿಯೂ ಇಲ್ಲ. ಕೈಯಲ್ಲಿ ಬಳೆ ಇಲ್ಲ, ಹಣೆಯಲ್ಲಿ ಕುಂಕುಮ ಇಲ್ಲ. ಕತ್ತಿನ ಬುಡದಿಂದ ಹಿಮ್ಮಡಿಯವರೆಗೆ ಕಪ್ಪು ಉಡುಪು, ಕಿವಿಯ ಹಿಂದೆ ಅತ್ತರಿನ ಒಂದೇ ಹನಿ. ಗಂಡ ಗುಂಡುಕಲ್ಲಿನ ಹಾಗೆ ಬದುಕಿರುವಾಗಲೇ ಹೀಗೆ ಓಡಾಡುವ ಹೆಂಗಸನ್ನು ಮೊಳಕಾಲ್ಮೂರು ಅದುವರೆಗೆ ಕಂಡಿರಲಿಲ್ಲ.

ಎಲ್ಲರೂ ದೊರೆಸಾನಿ ಅಂತಲೇ ಕರೆಯುತ್ತಿದ್ದರು. ಫ್ರಾನ್ಸ್ ದೇಶದವರು, ಪುದುಚೇರಿಯಲ್ಲಿ ಕೆಲವು ವರ್ಷ ಇದ್ದು ಬಂದವರು. ಗಂಡ ನಮ್ಮ ಕಡೆಯ ಗುಡ್ಡಗಳಲ್ಲಿ ಅದಿರು ಹುಡುಕುತ್ತಿದ್ದರು, ಊರಾಚೆಯ ಬಂಗಲೆಯಲ್ಲಿ ಬಿಡಾರ. ಬೆಳಿಗ್ಗೆ ದೊರೆಸಾನಿ ಎದುರಾದರೆ ನೀರಿಗೆ ಹೊರಟ ಹೆಂಗಸರು ಮನೆಗೆ ವಾಪಸಾಗಿ, ಸ್ವಲ್ಪ ಕೂತು, ಮತ್ತೆ ಹೊರಡುತ್ತಿದ್ದರು. ಎಲ್ಲರಿಗಿಂತ ಮೊದಲು ತಿರುಗುತ್ತಿದ್ದವಳು ನಮ್ಮವ್ವ. ದೊರೆಸಾನಿ ರೇಷ್ಮೆ ನೋಡಲು ಬಂದು ಕೂರುತ್ತಿದ್ದುದೂ ನಮ್ಮ ಮನೆಯಲ್ಲೇ, ಅಪ್ಪನ ಮಗ್ಗದ ಪಕ್ಕ!

ಅವರ ಹತ್ತಿರ ಇದ್ದುದು ಮೂರೋ ನಾಲ್ಕೋ ಉಡುಪು. ಅವನ್ನೇ ಇಸ್ತ್ರಿ ಮಾಡಿ, ಸಡಿಲಾದ ಗುಂಡಿಯನ್ನು ತಾವೇ ಹೊಲಿದು, ನಾಯಿಯೂ ತಿರುಗಿ ನೋಡದ ದಿನ ಕೂಡ ಅಚ್ಚುಕಟ್ಟಾಗಿ ಇರುತ್ತಿದ್ದರು. ನಾವೋ, ಊರಿಗೆಲ್ಲ ರೇಷ್ಮೆ ನೇಯ್ದು ಮಾಸಿದ ನೂಲಿನ ಸೀರೆ ಉಡುವ ಜನ. ಒಳ್ಳೆಯದು ಯಾವತ್ತೂ ಪೆಟ್ಟಿಗೆಯಲ್ಲಿ. ಅಕ್ಕನಿಗೆ ಚಳ್ಳಕೆರೆಯ ಹುಡುಗ ಗೊತ್ತಾಗಿದ್ದ. ಅವಳ ಧಾರೆ ಸೀರೆಯನ್ನು ಅಪ್ಪ ನೇಯ್ದು ಮಡಿಸಿ ಇಟ್ಟಾಗಿತ್ತು.

"ಯಾವಾಗ ಉಡ್ತೀಯ?" ದೊರೆಸಾನಿ ಅಕ್ಕನನ್ನು ಕೇಳಿದರು. ತಮಿಳು, ತೆಲುಗು, ಕನ್ನಡ ಕಲಸಿದ ಮಾತು ಅವರದು.

"ಮದುವಿಗೆ. ಆಮ್ಯಾಲೆ ಹಬ್ಬಕ್ಕೆ."

"ಹಬ್ಬ ದಿನಾ ಬರೋದಿಲ್ಲ. ನೀನು ದಿನಾ ಇರ್ತೀಯ."

ಅಕ್ಕ ಆ ಮಾತನ್ನು ಎದೆಗೆ ಕಟ್ಟಿಕೊಂಡಳು. ಒಂದು ದಿನ ಅವಳು ತಲೆ ತುಂಬ ಹೂ ಹೇರಿಕೊಂಡು ನಿಂತಿದ್ದಾಗ ದೊರೆಸಾನಿ ಎಲ್ಲವನ್ನೂ ತೆಗೆದು, ಒಂದೇ ಒಂದು ಹೂ ಉಳಿಸಿ, ಕನ್ನಡಿ ಹಿಡಿದರು. ನಿಜ ಹೇಳಬೇಕೆಂದರೆ ಅಕ್ಕ ಅಷ್ಟು ಚೆಂದ ಎಂದೂ ಕಂಡಿರಲಿಲ್ಲ. ಅವ್ವ ಮಾತ್ರ ನೆಲಕ್ಕೆ ಬಿದ್ದ ಹೂ ನೋಡಿ ಬಾಯಿ ಬಡಿದುಕೊಂಡಳು.

"ಮದುವಿ ಗೊತ್ತಾದ ಹುಡುಗಿ ತಲ್ಯಾಗಿನ ಹೂ ಕಿತ್ತಳಲ್ಲಪ್ಪೋ! ಏನು ಕಾದೈತೋ!"

ಸ್ವಲ್ಪ ದಿನಕ್ಕೆ ಚಳ್ಳಕೆರೆಯಲ್ಲಿ ಇಲಿ ಸತ್ತು ಬಿದ್ದ ಸುದ್ದಿ ಬಂತು. ಆಮೇಲೆ ನಮ್ಮ ಅಟ್ಟದಿಂದಲೂ ಒಂದು ಬಿತ್ತು, ಅಪ್ಪ ಮಗ್ಗಕ್ಕೆ ಹಾಸಿನ ನೂಲು ಕಟ್ಟುತ್ತಿದ್ದ ಜಾಗಕ್ಕೇ. ಪ್ಲೇಗಿಗೆ ಹೆದರಿ ಊರಿಗೆ ಊರೇ ಬಾಗಿಲು ಹಾಕಿಕೊಂಡು ಹೊಲದ ಜೋಪಡಿಗಳಿಗೆ ಹೋಯಿತು. ಬೀದಿಯಲ್ಲಿ ಒಂದು ಮಗ್ಗದ ಸದ್ದೂ ಇರಲಿಲ್ಲ. ಅವ್ವ ಪಾತ್ರೆ ಪಡಗ ಹೊತ್ತು ತಂದಳೇ ಹೊರತು ಧಾರೆ ಸೀರೆಯನ್ನು ತರಲಿಲ್ಲ. ಹೆಣ ಹೋಗುವ ದಾರಿಯಲ್ಲಿ ಅದನ್ನು ಒಯ್ಯಬಾರದು ಎಂದು ಅವಳ ನಂಬಿಕೆ.

ಆದರೆ ಗಂಡಿನ ಕಡೆಯವರು ಹೇಳಿ ಕಳಿಸಿದರು, ಯಾರು ಇರ್ತೀವೋ ಯಾರು ಹೋಗ್ತೀವೋ, ಜೋಪಡಿಯಲ್ಲೇ ಅಕ್ಕಿಕಾಳು ಹಾಕಿಬಿಡೋಣ ಅಂತ. ಅವ್ವ ಅಕ್ಕನನ್ನೂ ನನ್ನನ್ನೂ ಸೀರೆ ತರಲು ಹೊರಡಿಸಿದಳು. ದೊರೆಸಾನಿ ಹೊಲದ ಬದುವಿನಲ್ಲಿ ಎದುರಾಗಿ ಎಲ್ಲಿಗೆಂದು ಕೇಳಿದರು, ಅಕ್ಕ ಹೇಳಿದಳು.

"ಬೇಡ. ಬಟ್ಟೇಲಿ ಬೇನೆ. ಮುಂಬಯಿ ಪ್ಲೇಗು ನಾನು ನೋಡಿದೆ. ಸುಡಿ ಆ ಸೀರೆ."

"ಮುಂಡೆ ವೇಷದೋಳು ಮದುವಿ ಸೀರಿ ಸುಡು ಅಂತಾಳೆ, ಕೇಳ್ರಿ!" ಅವ್ವ ಹಿಂದಿನಿಂದ ಕಿರುಚಿದಳು.

ದೊರೆಸಾನಿ ನನ್ನ ಮಣಿಕಟ್ಟು ಹಿಡಿದರು. ಅಕ್ಕನ ಕೈಗೂ ಚಾಚಿದರು, ಅವಳು ಜಾರಿಸಿಕೊಂಡು ಓಡಿದಳು. ನಾನು ಕೊಸರಿದೆ, ಕಚ್ಚಿದೆ, ಅವರು ಬಿಡಲಿಲ್ಲ. ಇವತ್ತು ನಾನು ಉಣ್ಣುತ್ತಿರುವ ಅನ್ನ ಆ ಹಿಡಿತದ ಋಣ.

ಅಕ್ಕ ಸೀರೆಯನ್ನು ಹೊತ್ತು ತರಲಿಲ್ಲ, ಉಟ್ಟುಕೊಂಡೇ ಬಂದಳು. ಬಿಸಿಲಿಗೆ ಜರಿ ಮಿಂಚುತ್ತಿತ್ತು.

"ದಿನಾ ನಾನಿರ್ತೀನಿ ಅಂತ ನೀವೇ ಹೇಳಿದ್ರಲ್ಲ, ದೊರೆಸಾನಿ. ಹೆಂಗೆ ಕಾಣ್ತೀನಿ?"

ದೊರೆಸಾನಿಯ ಮುಖದಲ್ಲಿ ರಕ್ತವೇ ಇರಲಿಲ್ಲ. ಆದರೂ "ಚೆಂದ" ಅಂದರು.

ಮದುವೆಗೆ ಮೊದಲೇ ಅಕ್ಕನಿಗೆ ಜ್ವರ ಬಂತು, ಕಂಕುಳಲ್ಲಿ ಗೆಡ್ಡೆ ಎದ್ದಿತು. ಅವಳ ಜೋಪಡಿಯನ್ನು ದೂರ ಮಾಡಿದರು, ಬಂಧುಗಳು ಅವ್ವನನ್ನು ಹಿಡಿದು ಕೂರಿಸಿದರು. ಒಳಗೆ ಹೋದವರು ದೊರೆಸಾನಿ ಒಬ್ಬರೇ. ಮುಖ ತೊಳೆದರು, ಸಿಕ್ಕು ಬಿಡಿಸಿ ತಲೆ ಬಾಚಿದರು. ಅಕ್ಕ ತೀರಿಹೋಗುವವರೆಗೆ ದಿನಾ ಹಾಗೇ ಮಾಡಿದರು. ನಮ್ಮ ಜೋಪಡಿಯ ತಟ್ಟಿಯ ಸಂದಿನಿಂದ, ಆ ಕಡೆಯ ತೆರೆದ ಬಾಗಿಲಲ್ಲಿ ಅವ್ವ ಅದನ್ನೆಲ್ಲ ನೋಡುತ್ತಿದ್ದಳು.

ಆಮೇಲೆ ದೊರೆಸಾನಿಯೇ ಮಲಗಿದ್ದಾರೆ, ಬಂಗಲೆಯ ಅಡಿಗೆಯವನು ಓಡಿಹೋಗಿದ್ದಾನೆ, ಗುಡ್ಡದಲ್ಲಿರುವ ದೊರೆಯನ್ನು ಕರೆತರಲು ಆಳು ಹೋಗಿದ್ದಾನೆ ಎಂದು ತಿಳಿಯಿತು. ಅವ್ವ ಎದ್ದು ನಿಂತಳು. ಶಾಪ ಹಾಕಲು ಹೊರಟಳೆಂದು ಹೆದರಿ ಹಿಂದೆಯೇ ಓಡಿದೆ. ಅವ್ವ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಒಳಗೆ ಹೋದಳು.

ದೊರೆಸಾನಿಯ ಕೈ ತಲೆದಿಂಬಿನ ಸುತ್ತ ಏನನ್ನೋ ತಡಕಾಡುತ್ತಿತ್ತು. ಅವ್ವ ನೆಲಕ್ಕೆ ಬಿದ್ದಿದ್ದ ಬಾಚಣಿಗೆ ಎತ್ತಿಕೊಂಡು, ಮಂಚದ ತಲೆದೆಸೆಗೆ ಕೂತು, ಬೆವರಿಗೆ ಅಂಟಿದ ಆ ಕೂದಲನ್ನು ತೊಡೆಯ ಮೇಲೆ ಹರಡಿಕೊಂಡಳು.

"ಗಂಡ ಬರೋ ಹೊತ್ತಾತು. ತಲೆ ಬಾಚ್ತೀನಿ, ಸುಮ್ಕಿರು ನನ್ನವ್ವ."

ದೊರೆ ಕುದುರೆ ಇಳಿದು ಬರುವಷ್ಟರಲ್ಲಿ ಜೀವ ಹೋಗಿತ್ತು. ಅವ್ವ ಇನ್ನೂ ಬಾಚುತ್ತಲೇ ಇದ್ದಳು.