ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆಂದು ಕೇಳಿದ ಬಾಂಡ್ ರೈಟರ್

2019ರ ಜುಲೈ 23, ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಶ್ರೀ ದಾದಾಸಾಹೇಬ ಮಗದುಮ್ಮ ಅವರು ಸಾಕ್ಷಿಕಟ್ಟೆ ಏರಿ, ಇನ್ನೊಬ್ಬರಿಗಾಗಿ ತಾವೇ ಬರೆದುಕೊಟ್ಟ ಮೃತ್ಯುಪತ್ರದಲ್ಲಿ ಒಂದು ವಾಕ್ಯ ಸುಳ್ಳೆಂದು ಹೇಳಿದರು. ಕೋರ್ಟ್ ವರದಿಗಾರನಾಗಿ ನಾನು ಅಲ್ಲಿದ್ದೆ.

ಭೋಜದ ರೈತ ಮನೆತನದಲ್ಲಿ ಹುಟ್ಟಿದ ದಾದಾಸಾಹೇಬರು 1982ರಿಂದ ನಲವತ್ತಮೂರು ವರ್ಷ ಚಿಕ್ಕೋಡಿಯಲ್ಲಿ ಜನರ ಆಸ್ತಿ ಕಾಗದ ಬರೆದುಕೊಡುವ ಬಾಂಡ್ ರೈಟರ್ ಆಗಿದ್ದವರು. ಆಸ್ತಿಯ ನಾಲ್ಕು ದಿಕ್ಕಿನ ಗಡಿ ಹೇಳುವ ಚಕ್ಕುಬಂದಿಯಲ್ಲಿ ಅವರು ಪೂರ್ವ-ಪಶ್ಚಿಮ ತಪ್ಪಿದ್ದನ್ನು ಯಾರೂ ಕಂಡಿಲ್ಲ. ಮರಾಠಿ ಮಾತ್ರ ಬಲ್ಲ ಮುದುಕಿಯರಿಗೆ ಕನ್ನಡದ ಕಾಗದವನ್ನು ಸಾಲುಸಾಲಾಗಿ ಮರಾಠಿಯಲ್ಲಿ ತಿಳಿಸಿ ಹೇಳಿದ ಮೇಲೆಯೇ ಅವರು ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದರು. ಇಂಥವರಿಂದ ಆದ ಒಂದೇ ತಪ್ಪನ್ನು ಇಲ್ಲಿ ಬರೆಯಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ, ಒಪ್ಪಿಗೆಗಿಂತ ಒತ್ತಾಯವೆನ್ನಬೇಕು.

ಅಕ್ಕೋಳದ ಮುರಗೆಪ್ಪ ಹೆಂಡತಿ ಸತ್ತವರು, ಮಕ್ಕಳಿಲ್ಲದವರು. 1998ರಲ್ಲಿ ಗಿರಿಜವ್ವ ಎಂಬ ವಿಧವೆ ಅವರ ಮನೆಗೆ ಬಂದು ನಿಂತರು. ವಿಧವೆಯರ ಮರುಮದುವೆಯಾದ ಉಡಿಕೆ ಆಗಲಿಲ್ಲ, ಊರು ಕೇಳಲೂ ಇಲ್ಲ. 2012ರಲ್ಲಿ ಮುರಗೆಪ್ಪ ತಾವು ಗಳಿಸಿದ ಹೊಲ, ಮನೆ ಎರಡನ್ನೂ ಅಣ್ಣನ ಮಗ ಈಶ್ವರನಿಗೆ ಬರೆಯಿಸಲು ದಾದಾಸಾಹೇಬರ ಬಳಿ ಬಂದರು. ಆ ಕಾಲದ ಮೃತ್ಯುಪತ್ರಗಳಲ್ಲಿ ಒಂದು ಸಿದ್ಧವಾಕ್ಯ ಇರುತ್ತಿತ್ತು: "ಸದರಿಯವನ ಹೊರತು ನನ್ನ ಯೋಗಕ್ಷೇಮ ನೋಡುವವರು ಬೇರೆ ಯಾರೂ ಇಲ್ಲ." ಓದಿ ಹೇಳುವಾಗ ಮುರಗೆಪ್ಪ ತಡೆದರು.

"ಮತ್ತ ಗಿರಿಜವ್ವ ಅದಾಳಲ್ರಿ ಮನ್ಯಾಗ?"

"ಅದು ಎಲ್ಲಾರ ಮೃತ್ಯುಪತ್ರದಾಗೂ ಬರ್ತೈತಿ ಕಾಕಾ, ಪದ್ಧತಿ ಅಷ್ಟ. ಒತ್ರಿ ಹೆಬ್ಬಟ್ಟ."

ಮುರಗೆಪ್ಪ ಒತ್ತಿದರು. ಈಶ್ವರ ಆಕೆಯನ್ನು ಹೊರಗೆ ಹಾಕಲಾರನೆಂದು ಅವರು ನಂಬಿದ್ದರು.

2017ರಲ್ಲಿ ಅವರು ತೀರಿಕೊಂಡ ಮರುತಿಂಗಳೇ ಈಶ್ವರ ಮನೆ ಬಿಡಲು ಹೇಳಿದ. ಗಿರಿಜವ್ವ ನೇರವಾಗಿ ದಾದಾಸಾಹೇಬರ ಮೇಜಿಗೆ ಬಂದರು. "ಸಾಹೇಬ್ರ, ಹತ್ತೊಂಬತ್ತ ವರ್ಷ ಆ ಮನ್ಯಾಗ ರೊಟ್ಟಿ ಬಡದೀನ್ರಿ. ನಿಮ್ಮ ಕಾಗದದಾಗ ನಾ ಎಲ್ಲಿ ಅದೀನಿ, ಒಂದೀಟ ಓದಿ ಹೇಳ್ರಿ."

ದಾದಾಸಾಹೇಬರು ಪ್ರತಿಯನ್ನು ಎರಡು ಸಲ ಓದಿ, ಮೇಜಿಗೆ ಬೀಗ ಹಾಕಿ, ಆಕೆಯೊಂದಿಗೆ ವಕೀಲರ ಬಳಿ ಹೋದರು. ಹೂಡಿದ ದಾವೆಯಲ್ಲಿ ಗಿರಿಜವ್ವ ಹೊಲ ಕೇಳಲಿಲ್ಲ. ಕೇಳಿದ್ದು ಇರುವ ಮನೆ ಮಾತ್ರ. ಆಕೆ ಕೆಲಸದಾಕೆ ಎಂಬುದು ಈಶ್ವರನ ವಾದ. ಅದಕ್ಕೆ ಆಧಾರ ಆ ವಾಕ್ಯ.

ಆ ಮಂಗಳವಾರದ ಪಾಟೀ ಸವಾಲಿನಲ್ಲಿ ಈಶ್ವರನ ವಕೀಲರು ಕೇಳಿದರು: "ಮೂವತ್ತೇಳು ವರ್ಷ ಬರದದ್ದೆಲ್ಲಾ ಸುಳ್ಳೇನ್ರಿ ಹಂಗಾರ?"

"ಎಲ್ಲಾ ಅಲ್ರಿ, ಆ ಒಂದ ವಾಕ್ಯ. ಆದ್ರ ಅದನ್ನ ಎಲ್ಲಾದ್ರಾಗೂ ಬರದೀನ್ರಿ."

ಆ ಉತ್ತರ ಅವರ ಕಸುಬನ್ನು ಅರ್ಧಕ್ಕೆ ಇಳಿಸಿತು. "ಮಗದುಮ್ಮರ ಕಡೆ ಹೋಗಬ್ಯಾಡ್ರಿ, ತಾವ ಬರದದ್ದ ತಾವ ಹರೀತಾರ" ಎಂದು ಪಕ್ಕದ ಮೇಜಿನವರು ಗಿರಾಕಿಗಳಿಗೆ ಕೇಳುವಂತೆಯೇ ನಗುತ್ತಿದ್ದರು. ದಾದಾಸಾಹೇಬರು ಸಿದ್ಧವಾಕ್ಯವನ್ನು ಬಿಟ್ಟರು. ಮೃತ್ಯುಪತ್ರಕ್ಕೆ ಬಂದವರನ್ನೆಲ್ಲ ಮೊದಲು ಕೇಳತೊಡಗಿದರು: "ಮನ್ಯಾಗ ಅಡಗಿ ಯಾರ ಮಾಡ್ತಾರ?" ಕೆಲವರು ಸಿಟ್ಟಾಗಿ ಎದ್ದುಹೋದರು. ಅಥಣಿಯ ದ್ರಾಕ್ಷಿ ಬೆಳೆಗಾರರೊಬ್ಬರು ಮಾತ್ರ ಕೂತರು.

"ಕುಸುಮ ಮಾಡ್ತಾಳ್ರಿ. ಹೆಣ್ತಿ ಅಲ್ರಿ ಆಕಿ."

"ಅದನ್ನ ನಾ ಕೇಳಿಲ್ರಿ. ಆಕೀಗೆ ಏನ್ ಬರೀಲಿ?"

ಬೆಳೆಗಾರರು ಕುಸುಮಳ ಹೆಸರಿಗೆ ಮನೆ ಬರೆಯಿಸಿದರು.

ಗಿರಿಜವ್ವನಿಗೆ ಮಾತ್ರ ಮನೆ ದಕ್ಕಲಿಲ್ಲ. ಓದಿ ಹೇಳಿಸಿಕೊಂಡು ಹೆಬ್ಬೆಟ್ಟು ಒತ್ತಿದ ನೋಂದಾಯಿತ ಪತ್ರವನ್ನು ಬರೆದವರ ನೆನಪು ಅಳಿಸಲಾರದೆಂದು 2022ರಲ್ಲಿ ತೀರ್ಪಾಯಿತು. ಆಕೆ ಮನೆ ಬಿಟ್ಟು ರಾಯಬಾಗದ ತಮ್ಮನ ಮನೆ ಸೇರಿದರು. ಪ್ರತಿ ಹುಣ್ಣಿಮೆಯ ಮರುದಿನ ದಾದಾಸಾಹೇಬರು ಬಸ್ಸು ಹಿಡಿದು ಅಲ್ಲಿಗೆ ಹೋಗಿ ಬರುತ್ತಿದ್ದರು. ಮೇಲ್ಮನವಿ ವಿಚಾರಣೆಗೆ ಬರುವ ಮೊದಲೇ, 2024ರ ಡಿಸೆಂಬರಿನಲ್ಲಿ ಗಿರಿಜವ್ವ ತೀರಿಕೊಂಡರು.

ಎಪ್ಪತ್ತೊಂದರ ಪ್ರಾಯದಲ್ಲಿ ಮೇಜು ಬಿಟ್ಟಿರುವ ದಾದಾಸಾಹೇಬರಿಗೆ, ಇನ್ನೊಬ್ಬರ ಕಾಗದವನ್ನು ಕನ್ನಡಕವಿಲ್ಲದೆ ಓದಿ ಹೇಳುವ ಆ ಕಣ್ಣುಗಳ ಬೆಳಕು ಇನ್ನೂ ಬಹುಕಾಲ ಉಳಿಯಲಿ. ಕೇಳಲು ಬಂದವರಿಗೆ ಅವರ ಮನೆಯ ಕಟ್ಟೆ ತೆರೆದಿರಲಿ.

ಗಿರಿಜವ್ವನ ಮರಣ ನೋಂದಣಿಯ ಅರ್ಜಿಯನ್ನು ಬರೆದವರು ಅವರೇ. ಗಂಡನ ಹೆಸರಿನ ಸಾಲಿನಲ್ಲಿ "ಮುರಗೆಪ್ಪ, ಹತ್ತೊಂಬತ್ತು ವರ್ಷ ಜೊತೆಗಿದ್ದವರು" ಎಂದು ಬರೆದರು. ಮೂರನೇ ದಿನ ಅರ್ಜಿ ತಿದ್ದುಪಡಿಗೆಂದು ಹಿಂದಕ್ಕೆ ಬಂತು. ಅವರು ತಿದ್ದದೆ ಮತ್ತೆ ಸಲ್ಲಿಸಿದರು.